ಸಾಹೇಬರು ಒರಗಿದ ಗೋಡೆ

ಕಮಲಾಪುರ,
ತಾ. ೧೪ ಮೇ ೧೯೫೩

ಮಗಳು ಪುತಳಾಬಾಯಿಗೆ ಅಪ್ಪ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ ತಾಯಿ? ಬ್ರಹ್ಮಪುರದ ಬಾವಿ ನೀರನ್ನು ಕಾಯಿಸಿಯೇ ಕುಡಿ. ಶಿಕ್ಷಕಿ ಟ್ರೇನಿಂಗ್ ಶಾಲೆಗೆ ಹೋಗುವಾಗ ತಲೆ ಮೇಲೆ ಸೆರಗಿರಲಿ, ಕಲಬುರ್ಗಿ ಬಿಸಿಲು ಯಾರ ಮುಲಾಜೂ ನೋಡುವುದಿಲ್ಲ. ಹೋದ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ನಿನ್ನವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ನನ್ನದಂತೂ ಕೇಳಲೇಬೇಡ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದಲ್ಲಿ ತಿದ್ದಿ ಓದಿಕೋ.

ಐದು ವರ್ಷದ ಹಿಂದೆ, ಪೊಲೀಸ್ ಆಕ್ಷನ್ ಗದ್ದಲದಲ್ಲಿ ಮುಚ್ಚಿದ ನಮ್ಮ ಕೇರಿಯ ಶಾಲೆಯನ್ನು ನಾನು ಹೊಸದಾಗಿ ಕಟ್ಟುತ್ತಿರುವುದು ನಿನಗೆ ಗೊತ್ತು. ನಿನಗೆ ಹೇಳದೆ ಇದ್ದದ್ದು ಒಂದಿದೆ. ಸರಕಾರ ಕೊಟ್ಟ ನಕ್ಷೆಯಲ್ಲಿ ಪಶ್ಚಿಮದ ಗೋಡೆ ಒಂದೇ ಪದರು, ಅದರಲ್ಲಿ ಎರಡು ದೊಡ್ಡ ಕಿಟಕಿ. ಎದೆಮಟ್ಟ ಎದ್ದಾಗ, ಮಧ್ಯಾಹ್ನ ಮೂರಕ್ಕೆ, ಒಳಗಿನಿಂದ ಬೆನ್ನು ಹಚ್ಚಿ ಕೂತೆ. ನಿನ್ನ ಅಜ್ಜ ಗೋಡೆಯನ್ನು ಹಾಗೆಯೇ ಪರೀಕ್ಷೆ ಮಾಡುತ್ತಿದ್ದ. ಬೆನ್ನು ಸುಟ್ಟಂತಾಯಿತು. ಇಲ್ಲಿ ಮಕ್ಕಳು ಅಕ್ಷರ ಕಲಿಯುತ್ತಾವೋ, ರೊಟ್ಟಿಯ ಹಾಗೆ ಬೇಯುತ್ತಾವೋ? ಯಾರನ್ನೂ ಕೇಳದೆ ಬಿಚ್ಚಿಸಿದೆ. ಎರಡು ಪದರು ಕಲ್ಲು, ನಡುವೆ ಮಣ್ಣು ತುಂಬಿ, ಹೊರಗೆ ಎರಡು ಸಲ ಸುಣ್ಣ ಬಳಿಸಿದೆ. ಕಿಟಕಿಗಳನ್ನು ಉತ್ತರಕ್ಕೆ ಒಯ್ದೆ. ದಕ್ಷಿಣದ ಬಾಗಿಲ ಮೇಲೆ ಶಹಾಬಾದ್ ಹಾಸುಗಲ್ಲನ್ನು ಎರಡು ಮೊಳ ಹೊರಕ್ಕೆ ಚಾಚಿದೆ, ನೆರಳಿಗೆ. ಆಮೇಲೆ ಶುರುವಾಯಿತು ನೋಡು ಚಿಂತೆ. ತಪಾಸಣೆಗೆ ಬರುವ ಶಿಕ್ಷಣ ಇಲಾಖೆಯ ಸಾಹೇಬರು ಒಪ್ಪದಿದ್ದರೆ ಎಲ್ಲ ಕೆಡವಬೇಕು, ಮಳೆ ಬರುವುದರೊಳಗೆ ಮತ್ತೆ ಏಳಿಸಲಾಗದು, ಈ ವರ್ಷವೂ ಕೇರಿಗೆ ಶಾಲೆಯಿಲ್ಲ.

ನಿನ್ನೆ ಮಧ್ಯಾಹ್ನ ಕಲಬುರ್ಗಿಯಿಂದ ಸಾಹೇಬರು ಬಂದರು. ಟೇಪು ಹಿಡಿದು ಅಳೆದು, “ಕಿಟಕಿ ಎಲ್ಲಿ ನುಂಗಿದ್ಯೋ ಮೇಸ್ತ್ರಿ? ನಕ್ಷಾ ನಿಮ್ಮಪ್ಪ ಬರದಾನೇನು?” ಎಂದರು. “ಬೈರಿ ಸಾಹೇಬ್ರ, ಆದ್ರ ಮೊದ್ಲ ಬೆನ್ನು ಹಚ್ಚಿ ಒಂದು ಘಳಿಗಿ ಕುಂದರ್ರಿ” ಅಂದೆ. ಟೋಪಿ ತೆಗೆದು ಕೂತರು. ಕೆಲಸದವರೆಲ್ಲ ಕೈಯೊಳಗಿನ ಕೆಲಸ ಬಿಟ್ಟು ನೋಡಲು ಬಂದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಪುತಳಾ, ಸರಕಾರ ನಮ್ಮ ಕೇರಿಯ ಗೋಡೆಗೆ ಒರಗಿ ನಿದ್ದೆ ಹೋಗಿತ್ತು. ನಾಲ್ಕೂವರೆಗೆ ಎದ್ದು, “ನಮ್ಮ ಆಫೀಸು ತಂದೂರ ಆಗ್ಯಾದ, ಅದನ್ನೂ ನೀನೇ ನೋಡು ಬಾ” ಎಂದು ನಗುತ್ತ ಒಪ್ಪಿಗೆಯ ಸಹಿ ಹಾಕಿದರು. ಬೆಳಗಿನಿಂದ ನಿನ್ನವ್ವ ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ಗೋಡೆ ಮುಟ್ಟಿಸುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ತಣ್ಣಗೆ ಬಾಳು ತಾಯಿ.

ನಿನ್ನ ಅಪ್ಪ,
ಮಾಪಣ್ಣ ಮೇಸ್ತ್ರಿ

ತಾ.ಕ.: ಟಪಾಲಿನವ ನಿಂತಿದ್ದಾನೆ. ಪಾಠ ಹೇಳಲು ಯಾರಿದ್ದಾರೆ ಎಂದು ಸಾಹೇಬರು ಕೇಳಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳಿಬಿಟ್ಟೆ, ಸಿಟ್ಟಾಗಬೇಡ. ಬರೆದುಕೊಂಡರು. ಸೋಮವಾರದೊಳಗೆ ಅವರ ಆಫೀಸಿಗೆ ಅರ್ಜಿ ಕೊಡು. ಜೂನಿನಲ್ಲಿ ನೀನು ಬಂದು ಬಾಗಿಲು ತೆಗೆಯುವ ತನಕ ಶಾಲೆಯ ಕೀಲಿಕೈ ನನ್ನ ಉಡಿದಾರದಲ್ಲೇ ಇರುತ್ತದೆ.