ನೆಟ್ಟಗಿನ ಗೆರೆ

ಸ್ಕಾರ್‌ವಿಕ್
ನವೆಂಬರ್ 28, ಗುರುವಾರ

ಪ್ರೀತಿಯ ಇಂಗುನ್ ಅಕ್ಕ,

ಯಂತ್ರ ಸುಳ್ಳು ಹೇಳಿತು ಅಂದೆಯೋ, ಯಂತ್ರಕ್ಕೂ ಸುಳ್ಳು ಹೇಳಲು ಬಂತು ಅಂದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಹಾಲ್ವರ್ ಭಾವನನ್ನು ಮಣ್ಣು ಮಾಡಿದ ದಿನ, ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ ಬಟ್ಟಲು ಹಿಡಿದುಕೊಂಡು, ನನ್ನ ಕಡೆ ನೋಡದೆ ನೀನು ಆಡಿದ ಮಾತು. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೇ ಈ ಪತ್ರ. ಇರಲಿ, ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಬರ್ಗನ್ನಿನಲ್ಲಿ ಮಗಳ ಮನೆಗೆ ಮೆಟ್ಟಿಲು ಬಹಳ ಎಂದು ಕೇಳಿದೆ. ನಿದ್ದೆ ಬರುತ್ತಿದೆಯೆ? ಇಲ್ಲಿ ನಿನ್ನ ಕುರಿಗಳೆಲ್ಲ ಚೆನ್ನಾಗಿವೆ. ಪಕ್ಕದ ಮನೆಯ ಓಡ್ನಿ ಅವನ್ನು ತನ್ನ ಕೊಟ್ಟಿಗೆಗೆ ಹೊಡೆದುಕೊಂಡಿದ್ದಾಳೆ. "ನಿನ್ನಕ್ಕನಿಗೆ ಹೇಳಪ್ಪ, ಅವಳ ಟಗರು ನನ್ನ ಗಂಡನಿಗಿಂತ ಜೋರಾಗಿ ಗೊರಕೆ ಹೊಡೀತದೆ" ಅಂದಳು. ನಿನ್ನನ್ನು ನಗಿಸಬೇಕೆಂದೇ ಅಂದಿರಬೇಕು.

ಸೋಮವಾರ ಬಂಡೆ ಬಿದ್ದದ್ದರ ತನಿಖೆಯವರ ಮುಂದೆ ನೀನೂ ಬರುತ್ತೀಯಂತೆ. ಓಸ್ಲೋದಿಂದ ಬಂದವರು ಕರಡು ವರದಿಯನ್ನು ನನಗೂ ಕಳಿಸಿದ್ದಾರೆ. ಅದರಲ್ಲಿ ಒಂದು ವಾಕ್ಯವಿದೆ: ಅಳತೆ ನಿಂತುಹೋದದ್ದನ್ನು ಗಣಕ ಗುರುತಿಸಲಿಲ್ಲ. ಅಷ್ಟೇ. ಇಡೀ ವರದಿಯಲ್ಲಿ ಒಬ್ಬ ಮನುಷ್ಯನ ಹೆಸರಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಸೋಮವಾರವೂ ಅದೇ ವಾಕ್ಯವನ್ನು ಓದುತ್ತಾರೆ, ನೀನು ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿಯುತ್ತೀಯ, ನನಗೆ ಅಕ್ಕ ಉಳಿಯುತ್ತಾಳೆ. ಆದರೆ ಆ ವಾಕ್ಯ ಸರಿಯಲ್ಲ. ಗಣಕ ಗುರುತಿಸಿತ್ತು. ಅದು ಸುಳ್ಳನ್ನೂ ಹೇಳಲಿಲ್ಲ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಮಾಡಿತು. ಅಷ್ಟು ನಂಬಿಕಸ್ಥ ಕೆಲಸಗಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹತ್ತು ವರ್ಷದಿಂದ ಊರಿನ ತಲೆಯ ಮೇಲೆ ಬೆಟ್ಟದಲ್ಲಿ ಆ ಬಿರುಕು ಇದೆ, ಅದರೊಳಗೆ ಅಗಲ ಅಳೆಯಲು ಬೆಟ್ಟ ಕಾಯುವ ನಾವು ಕೂರಿಸಿದ ಏಳು ಸರಳುಗಳಿವೆ. ಬಿರುಕು ಬೇಗ ಅಗಲವಾದರೆ ಯಾರನ್ನೂ ಕೇಳದೆ ಸೈರನ್ ಕೂಗಬೇಕು. ಸರಳುಗಳು ಹತ್ತು ನಿಮಿಷ ಅಳತೆ ಕಳಿಸದೆ ಮಾತು ನಿಲ್ಲಿಸಿದರೂ ಕೂಗಬೇಕು, ಮೊದಲು ಹಾಗಿತ್ತು. ಕೆಲವು ವರ್ಷದ ಹಿಂದೆ ಒಂದೇ ಚಳಿಗಾಲದಲ್ಲಿ ಮೂರು ಸಲ ಕೂಗಿತಲ್ಲ, ಮೂರು ಸಲವೂ ಬೆಟ್ಟ ಅಲ್ಲಾಡಿರಲಿಲ್ಲ, ಸರಳುಗಳ ತಂತಿಯ ಮೇಲೆ ಹಿಮ ಗಟ್ಟಿಯಾಗಿತ್ತು. ಮೂರನೆಯದು ಕ್ರಿಸ್ಮಸ್ಸಿನ ಹಿಂದಿನ ದಿನ. ಕುರಿಯ ಪಕ್ಕೆಲುಬನ್ನು ಒಲೆಯ ಮೇಲೆ ಬಿಟ್ಟು ಎಲ್ಲರೂ ದೋಣಿ ಹತ್ತಿದ್ದರು. ಓಡ್ನಿಯ ಪಾತ್ರೆ ನೀರಾರಿ ಸುಟ್ಟು ಅಡುಗೆಮನೆಗೇ ಬೆಂಕಿ ಬಿತ್ತು. ಆಚೆ ದಡದ ಶಾಲೆಯ ಆಟದ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದವರು ನನ್ನನ್ನು ನೋಡಿದ ನೋಟ ಹಾಗಿರಲಿ, ಅವರ ತಮಾಷೆಯೇ ನನಗೆ ಹೆಚ್ಚು ಚುಚ್ಚಿತು. ಮುಂದಿನ ಸಲ ಯಾವಾಗ ಓಡಬೇಕು ಮೊದಲೇ ಹೇಳಿಬಿಡು ಶೇಟಿಲ್, ಆಲೂಗಡ್ಡೆ ನೆಡೋದಿದೆ, ಅನ್ನುತ್ತಿದ್ದರು. ಇನ್ನೊಂದು ಸಲ ಕೂಗಿದರೆ ಮನೆ ಬಿಟ್ಟು ಕದಲುವುದಿಲ್ಲ ಎಂದು ಅರ್ಧ ಊರು ಹೇಳಿತು. ಅದು ನನ್ನನ್ನು ನಿಜವಾಗಿ ಹೆದರಿಸಿತು. ಜನ ನಂಬದ ಸೈರನ್ ಇದ್ದರೂ ಇಲ್ಲದ ಹಾಗೆ ಎಂದುಕೊಂಡೆ. ಈಗಲೂ ಆ ಮಾತು ತಪ್ಪೆಂದು ಅನ್ನಿಸುವುದಿಲ್ಲ. ಸರಿಯಾದ ಮಾತಿನಿಂದ ಹೊರಟು ನಾನು ತಲುಪಿದ ಜಾಗ ಮಾತ್ರ ಇದು.

ಆ ಜನವರಿಯ ಸಭೆ ನಿನಗೆ ನೆನಪಿರಬೇಕು. ಹಾಲ್ವರ್ ಒಬ್ಬನೇ ಎದ್ದು ನಿಂತು, "ಸುಳ್ಳೇ ಕೂಗಲಿ ಬಿಡ್ರಯ್ಯ. ಕೂಗ್ತಿದೆ ಅಂದ್ರೆ ಜೀವ ಇದೆ ಅಂತಾಯ್ತು" ಅಂದ. ನೀನು ಹಿಂದಿನಿಂದ, "ನಿನಗೇನು, ಶಾಲೆ ನೆಲದ ಮೇಲೂ ನಿದ್ದೆ ಬರ್ತದೆ, ನನ್ನ ಸೊಂಟ ಕೇಳಬೇಕಲ್ಲ" ಅಂದೆ. ಎಲ್ಲರೂ ನಕ್ಕರು, ಅವನೂ ನಕ್ಕು ಕೂತುಕೊಂಡ. ನಿನ್ನ ಮೇಲೆ ಹೊರೆ ಹೊರಿಸಲು ಇದನ್ನು ಬರೆಯುತ್ತಿಲ್ಲ ಅಕ್ಕ. ನಿನ್ನ ಮಾತು ಸೊಂಟದ ಮಾತು. ಕೆಲಸದ ಮಾತು ಆಡಬೇಕಾದವನು ನಾನು.

ಮಾರನೆಯ ವಾರ ಒಂದು ಅರ್ಜಿ ಬರೆದು ಸಹಿ ಮಾಡಿದೆ: ಸರಳುಗಳು ಮಾತು ನಿಲ್ಲಿಸಿದಾಗ ಸೈರನ್ ಬೇಡ, ಅವು ಮತ್ತೆ ಮಾತಾಡುವವರೆಗೆ ಪರದೆಯ ಗೆರೆ ಕೊನೆಯ ಅಳತೆಯನ್ನೇ ತೋರಿಸುತ್ತಿರಲಿ, ಪರದೆಯ ಮೂಲೆಯಲ್ಲಿ ಒಂದು ಬೂದು ಚೌಕ ಹೊತ್ತಿಕೊಳ್ಳಲಿ, ಕಾವಲಿನಲ್ಲಿದ್ದವನು ನೋಡಿಕೊಳ್ಳುತ್ತಾನೆ. ಪರೀಕ್ಷಿಸುವವರು ಪರೀಕ್ಷಿಸಿ ಒಪ್ಪಿದರು. ಆಮೇಲೆ ಸೈರನ್ ಕೂಗಲಿಲ್ಲ, ಊರು ನನ್ನನ್ನು ಕರೆದು ಕಾಫಿ ಕೊಟ್ಟಿತು. ಹಿಮದ ದಿನಗಳಲ್ಲಿ ಆ ಚೌಕ ಎಷ್ಟು ಸಲ ಹೊತ್ತಿಕೊಂಡಿರುತ್ತಿತ್ತೆಂದರೆ, ಎರಡನೆಯ ಚಳಿಗಾಲದ ಹೊತ್ತಿಗೆ ನನ್ನ ಕಣ್ಣಿಗೆ ಅದು ಬೀಳುವುದೇ ನಿಂತಿತ್ತು. ಅಕ್ಟೋಬರ್ ಇಪ್ಪತ್ತೆರಡರಂದು ಬೆಳಗಿನ ನಾಲ್ಕಕ್ಕೆ ಮೊದಲ ಹಿಮ ಕೂತಿತು, ಸರಳುಗಳು ಸುಮ್ಮನಾದವು. ಒಂಬತ್ತೂ ಇಪ್ಪತ್ತಕ್ಕೆ ಬಂಡೆ ಬಿತ್ತು. ಆ ಐದು ಗಂಟೆ ಬಿರುಕು ಅಗಲವಾಗುತ್ತಲೇ ಇತ್ತು. ಕಾವಲಿನಲ್ಲಿದ್ದವನು ನಾನೇ, ನನ್ನ ಪರದೆಯ ಮೇಲಿದ್ದದ್ದು ನಾಲ್ಕು ಗಂಟೆಯ ಬೆಟ್ಟ. ಬಿದ್ದದ್ದು ಒಂದು ಚೂರು ಮಾತ್ರ, ಊರು ಉಳಿಯಿತು, ದೋಣಿಮನೆ ಎರಡು ಹೋದವು ಎಂದು ವರದಿ ಸಮಾಧಾನದಿಂದ ಬರೆಯುತ್ತದೆ. ಚೂರಿನ ಕೆಳಗೆ, ಸೆಪ್ಟೆಂಬರಿನಲ್ಲಿ ಇಳಿದು ಬರದೆ ಉಳಿದ ಎರಡು ಕುರಿಗಳನ್ನು ಹುಡುಕುತ್ತಾ ಒಬ್ಬನಿದ್ದ ಎಂಬುದು ಮುಂದಿನ ಸಾಲಿನಲ್ಲಿದೆ.

ಅರ್ಜಿಯ ಪ್ರತಿಯನ್ನು ಈ ಬೆಳಿಗ್ಗೆ ತನಿಖೆಯವರಿಗೆ ಕಳಿಸಿದೆ. ಸೋಮವಾರ ಅಪರಿಚಿತರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಆ ಪದ ಇಲ್ಲಿ ನಿಲ್ಲುವುದಿಲ್ಲ. ಮಗಳಿಗೆ ನನ್ನ ನೆನಪು ಹೇಳು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊ, ಚಳಿಗೆ ಸೊಂಟಕ್ಕೆ ಉಣ್ಣೆ ಸುತ್ತಿಕೊ.

ನಿನ್ನ ತಮ್ಮ,
ಶೇಟಿಲ್

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಅಂಚೆಯ ದೋಣಿಗೆ ಇನ್ನು ಹತ್ತು ನಿಮಿಷ ಇದೆ. ಆ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿದ್ದಾಗ ಹಾಲ್ವರ್ ನನಗೆ ಫೋನ್ ಮಾಡಿದ್ದ. "ಬೆಟ್ಟ ಹೇಗಿದೆಯಪ್ಪ?" ಅಂದ. ಮಲಗಿದೆ ಭಾವ, ಗೆರೆ ನೆಟ್ಟಗಿದೆ ಅಂದೆ. "ಎಷ್ಟು ನೆಟ್ಟಗೆ?" ಅಂದ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಅಂದು ನಕ್ಕೆ. ನನ್ನ ಪಕ್ಕ ಕೂತು ಕಾಫಿ ಕುಡಿಯುತ್ತಾ ಎಷ್ಟೋ ಸಲ ಆ ಪರದೆ ನೋಡಿದವನು ಅವನು. ಸರಳುಗಳು ಮಾತಾಡುತ್ತಿದ್ದರೆ ಗಾಳಿಯಿಲ್ಲದ ದಿನವೂ ಆ ಗೆರೆ ಸಣ್ಣಗೆ ನಡುಗುತ್ತಲೇ ಇರುತ್ತದೆ ಎಂದು ನನ್ನಷ್ಟೇ ಅವನಿಗೂ ಗೊತ್ತಿತ್ತು. ಆದರೂ, "ಸರಿ, ನೀನು ಹೇಳಿದ ಮೇಲೆ ಇನ್ನೇನು" ಅಂದ. ನಲವತ್ತೊಂದು ಸೆಕೆಂಡು ಎಂದು ದೂರವಾಣಿಯ ಪಟ್ಟಿಯಲ್ಲಿದೆ. ಏನು ಮಾತಾಡಿದೆವೆಂದು ಇಲ್ಲ. ಐದು ವಾರವಾಯಿತು, ನೀನು ನನ್ನನ್ನು ಏನೂ ಕೇಳಿಲ್ಲ. ಅಕ್ಕ, ಫೋನ್ ಇಟ್ಟು ಬೂಟಿನ ದಾರ ಕಟ್ಟುವಾಗ, ತಾನು ಯಾರನ್ನು ಕೇಳಿ ಹೊರಟಿದ್ದೇನೆಂದು ಅವನು ನಿನಗೆ ಹೇಳಿದ್ದನೆ?