ಹೆಸರು ತಿದ್ದಿಸಿ

ಶಿರಹಟ್ಟಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಮದುವೆ ಮೆರವಣಿಗೆಯಲ್ಲಿ ಯಾರೋ ಖುಷಿಗೆ ಹಾರಿಸಿದ ಗುಂಡು ತಾಗಿ ತೀರಿಹೋದ ಬ್ಯಾಂಡಿನವರ ಹೆಂಡತಿ ನಾನು. ಬಂದೂಕಿಗೆ ಬಿಗಿ ಕಾನೂನು ಬೇಕೆಂದು ನೀವು ವಿಧಾನಸಭೆಯಲ್ಲಿ ಅವರ ಫೋಟೊ ಹಿಡಿದು ಧರಣಿ ಕುಳಿತದ್ದನ್ನು ಟೀವಿಯಲ್ಲಿ ನೋಡಿದೆ. ಪಕ್ಕದ ಮನೆಯ ರೋಜಾ, "ಎಲ್ಲಾ ನಾಟಕ ಐತಿ ಬಿಡಕ್ಕಾ" ಎಂದಳು. "ಇಲ್ಲವ್ವಾ, ಅವರ ಕಣ್ಣಾಗ ಖರೇನ ನೀರು ಬಂದಿತ್ತು" ಎಂದು ನಾನು ಜಗಳವಾಡಿದೆ. ಅಂದಿನಿಂದ ಅವಳೂ ನಮ್ಮ ಮನೆಗೆ ಬರುತ್ತಿಲ್ಲ.

ಆದರೆ ಭಾಷಣದಲ್ಲಿ ನೀವು ಮೂರು ಸಲವೂ ನಮ್ಮ ಯಜಮಾನರನ್ನು ಹನಮಪ್ಪ ಎಂದಿರಿ. ಅವರ ಹೆಸರು ಫಕೀರೇಶ. ಸದನದ ಕಡತದಲ್ಲಿ ದಯವಿಟ್ಟು ತಿದ್ದಿಸಿ.

ಅವರಿದ್ದಾಗ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಈಗ ಮನೆಯಲ್ಲಿ ಒಬ್ಬಳೇ ಇರುವಾಗ ಜೋರಾಗಿ ಕರೆಯುತ್ತೇನೆ.

ನಿಮ್ಮ ಕ್ಷೇತ್ರದ ಮತದಾರಳು,
ಮಾಯವ್ವ