ನಾಲ್ಕು ತೊಲ ಉಕ್ಕು

ನ್ಯೂ ಟೌನ್, ಭದ್ರಾವತಿ
೨೦ ಅಕ್ಟೋಬರ್ ೧೯೬೪

ಅಬ್ಬಾ ಅವರಿಗೆ ಹಾಜರಾಳ ಸಲಾಂ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಬಲಭುಜ ಹೇಗಿದೆ ಎಂದು ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಆದರೂ ಕೇಳಿದ್ದೇನೆ.

ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಅದನ್ನು ಹೇಳುವವರೆಗೆ ಮಾವನವರ ಮುಖ ನೋಡಲಾರೆ ಎನ್ನುತ್ತಾರೆ ಇಸ್ಹಾಕ್. ಕೆಲಸ ಅವರ ಕೈಯದು, ಮಾಡಿಸಿದವಳು ನಾನು.

ಕಳೆದ ತಿಂಗಳು ನಾನು ಶಿವಮೊಗ್ಗದಲ್ಲಿದ್ದಾಗ, ಶುಕ್ರವಾರ ನೀವು ನಮಾಜಿಗೆ ಹೋದ ಹೊತ್ತಿನಲ್ಲಿ, ಅಕ್ಕಿ ಗಿರಣಿಯ ಚಂದ್ರಶೇಖರಪ್ಪನವರು ಅಂಗಡಿಗೆ ಬಂದರು. ನೀವು ವಾರದ ಹಿಂದೆ ರಿಪೇರಿ ಮಾಡಿಕೊಟ್ಟ ವಿಲಾಯತಿ ರೈಫಲ್ ಕೈಯಲ್ಲಿತ್ತು. ಗುಂಡು ಹಾರಿದೊಡನೆ ತಾನೇ ಖಾಲಿ ತೋಟಾ ಉಗಿದು ಮುಂದಿನದನ್ನು ತುಂಬಿಕೊಳ್ಳುತ್ತದಲ್ಲ, ಅದು. "ಏನ್ ಮಾರಾಯ್ತಿ, ನಿಮ್ಮಪ್ಪನ ಕೈಲಿ ಹೋಗಿ ಬಂದ್ಮೇಲೆ ನನ್ನ ಹುಲಿ ಬೆಕ್ಕಿನಮರಿ ಆಗೈತೆ! ಒದೆಯೋದೂ ಇಲ್ಲ, ಉಗಿಯೋದೂ ಇಲ್ಲ. ಭಾನುವಾರ ಗುರಿ ಪಂದ್ಯದಲ್ಲಿ ಇದನ್ನ ಹಿಡ್ಕೊಂಡು ಕುಣೀಲಾ?" ಎಂದರು. ಎರಡು ಗುಂಡು ಹಾರಿದ ಮೇಲೆ ಮೂರನೆಯದರ ಖಾಲಿ ತೋಟಾ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ.

"ರಿಪೇರಿ ಮಾಡಿದ ಬಂದೂಕು ಕೆಟ್ಟು ನನ್ನ ಕೈಗೆ ಎರಡನೇ ಸಲ ಬಂದ ದಿನ ಅಂಗಡಿ ಮುಚ್ತೀನಿ" ಎಂದು ನೀವು ಗಾಂಧಿ ಬಜಾರಿಗೆಲ್ಲ ಸಾರಿದ್ದೀರಿ. ಹೇಳಿದಂತೆ ಮುಚ್ಚುವವರೇ. ಆಮೇಲೆ ಮನೆಯಲ್ಲಿ ಕೂತು ಏನು ಮಾಡುತ್ತೀರಿ? ಸರಿಯಾಗಿ ಓಡುವ ಗಡಿಯಾರ ಬಿಚ್ಚುತ್ತೀರಿ. ಎಣ್ಣೆ ಹಾಕುವುದಕ್ಕೆ ಬಂದಿದೆ ಎಂದು ಅಬ್ಬಾಗೆ ಹೇಳುತ್ತೇನೆ, ಬಿಟ್ಟುಹೋಗಿ ಎಂದು ಗಿರಣಿಯವರನ್ನು ಕಳಿಸಿದೆ.

ಭುಜಕ್ಕೆ ಒರಗುವ ಮರದ ಕುಂದಾ ಬಿಚ್ಚಿದೆ. ಅದರೊಳಗೆ ಸ್ಪ್ರಿಂಗಿನ ಮುಂದೆ ಕೂರುವ ಉಕ್ಕಿನ ಭಾರವನ್ನು ತಕ್ಕಡಿಗೆ ಹಾಕಿದರೆ ಹನ್ನೆರಡು ತೊಲ. ಬಿರುಕು ಬಿಟ್ಟಿತೆಂದು ನೀವು ತೆಗೆದಿಟ್ಟ ಹಳೆಯದು ಎಂಟೇ ತೊಲ. ಭಾರ ಹೆಚ್ಚಿದರೆ ಖಾಲಿ ತೋಟಾ ಎಳೆದು ತೆಗೆಯುವ ಬೋಲ್ಟ್ ನಿಧಾನವಾಗಿ ಹಿಂದೆ ಸರಿಯುತ್ತದೆ, ಒದೆತ ಮೆತ್ತಗಾಗುತ್ತದೆ ಎಂದು ನನಗೆ ಕಲಿಸಿದವರು ನೀವು. ತೋಟಾದೊಳಗಿನ ಮದ್ದು ಹಳೆಯದಾದರೆ ಅಷ್ಟು ಭಾರವನ್ನು ಪೂರ್ತಿ ತಳ್ಳಲಾರದು ಎಂದವರೂ ನೀವು. ನೀವು ಹೊಸ ತೋಟಾ ಹಾಕಿ ನೋಡಿದ್ದಿರಿ. ಗಿರಣಿಯವರ ಪೆಟ್ಟಿಗೆಯಲ್ಲಿದ್ದದ್ದು ಹಳೆಯ ದಾಸ್ತಾನು.

ಆದರೆ ನೀವು ಹೀಗೆ ತಪ್ಪುವವರಲ್ಲ ಅಬ್ಬಾ. ಯೋಚಿಸಿದ ಮೇಲೆ ಕಾರಣ ತಿಳಿಯಿತು. ರಿಪೇರಿಯಾದ ಬಂದೂಕಿನ ಮೊದಲ ಮೂರು ಗುಂಡು ರಾಗಿಗುಡ್ಡದ ಕಲ್ಲುಗಣಿಯಲ್ಲಿ ನಿಮ್ಮ ಭುಜದಿಂದಲೇ ಹಾರಬೇಕು. ಹೋದ ವರ್ಷ ಸೈಕಲ್ಲಿನಿಂದ ಬಿದ್ದಾಗ ಪೆಟ್ಟಾದ ಭುಜ ಅದು. ರೈಫಲ್ಲಿಗೆ ಬೇಕಾದ ಭಾರ ಬಿಟ್ಟು, ನಿಮ್ಮ ಭುಜಕ್ಕೆ ಹಿತವಾದ ಭಾರ ಹಾಕಿದ್ದಿರಿ.

ಶನಿವಾರ, ಸೀರೆ ಮರೆತು ಬಂದೆ ಎಂದು ಸುಳ್ಳು ಹೇಳಿ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ. ಅಲ್ಲಿ ಮುರುಗೇಶಪ್ಪನವರ ವರ್ಕ್‌ಶಾಪಿನ ಲೇತಿನಲ್ಲಿ ಇಸ್ಹಾಕ್ ಆ ಉಕ್ಕಿನಿಂದ ನಾಲ್ಕು ತೊಲ ಕೊರೆದು ಇಳಿಸಿದರು. ಹಿಂತಿರುಗಿ ಅದನ್ನು ಕೂರಿಸಿದೆ; ಎಣ್ಣೆ ಹಾಕಿದ ಬಂದೂಕನ್ನೂ ಹಾರಿಸಿ ನೋಡದೆ ಕೊಡದವರು ನೀವು, ಸಂಜೆ ಮೂರು ಗುಂಡು ಹಾರಿಸಿದಿರಿ. ಆಮೇಲೆ ಚಹಾದ ಲೋಟ ಮಾತ್ರ ಎಡಗೈಯಲ್ಲಿ ಹಿಡಿದಿರಿ.

ಭಾನುವಾರ ಪಂದ್ಯದಲ್ಲಿ ನಲವತ್ತು ಗುಂಡು ಹಾರಿದರೂ ರೈಫಲ್ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬೈಯುವುದಾದರೆ ನನ್ನನ್ನು ಬೈಯಿರಿ. ಅಂಗಡಿ ಮುಚ್ಚಬೇಡಿ. ಆ ಮೂರು ಗುಂಡು ಮಾತ್ರ ಇನ್ನು ಬೇರೆ ಭುಜದಿಂದ ಹಾರಲಿ.

ನಿಮ್ಮ ಮಗಳು
ಹಾಜರಾ


ಶಿವಮೊಗ್ಗ
೨೪ ಅಕ್ಟೋಬರ್ ೧೯೬೪

ಹಾಜರಾ ಬೇಟಿ,

ನಿನಗೂ ಅಳಿಯಂದಿರಿಗೂ ನನ್ನ ದುವಾ. ಭುಜ ಹಾಗೇ ಇದೆ.

ಮೊದಲ ಗುಂಡಿಗೇ ನನಗೆ ಗೊತ್ತಾಗಿತ್ತು. ಹನ್ನೆರಡು ತೊಲ ತಳ್ಳುತ್ತದೆ, ಎಂಟು ತೊಲ ಗುದ್ದುತ್ತದೆ. ಉಳಿದೆರಡನ್ನು ಹಲ್ಲು ಕಚ್ಚಿ ಹಾರಿಸಿದೆ. ಖಾಲಿ ತೋಟಾ ಮೂರೂ ಒಂದು ಮೊಳದ ಜಾಗದೊಳಗೆ ಬಿದ್ದಿದ್ದವು. ಅಳಿಯಂದಿರ ಕೈ ಒಳ್ಳೆಯದು. ಅಂಚು ಇನ್ನಷ್ಟು ನುಣುಪಾಗಬೇಕಿತ್ತು, ಹೇಳು.

ಭುಜದ ವಿಷಯ ನೀನು ಬರೆದದ್ದು ನಿಜ. ಗಿರಣಿಯವರಿಗೆ ಹಿತವಾಗಲಿ ಎಂದೇ ಭಾರ ಹೆಚ್ಚಿಸಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಇನ್ನು ಅಂಗಡಿಯ ಮಾತು. ಆ ರೈಫಲ್ ಕೆಟ್ಟು ಎರಡನೇ ಸಲ ಬಂದದ್ದು ನಿನ್ನ ಕೈಗೆ. ನನ್ನ ಮಾತು ಮುರಿದಿಲ್ಲ, ಬಾಗಿಲು ತೆರೆದಿದೆ. ಬರುವ ಶುಕ್ರವಾರ ಇಬ್ಬರೂ ಬನ್ನಿ. ಒಂದು ಜೋಡಿನಳಿಗೆ ಬಂದೂಕು ರಿಪೇರಿಯಾಗಿ ಕೂತಿದೆ. ಅಳಿಯಂದಿರ ಭುಜ ಎಷ್ಟು ಗಟ್ಟಿ ನೋಡೋಣ.

ನಿನ್ನ ಅಬ್ಬಾ
ಖಾಜಾ ಪೀರ್

ಬರೆಯದೆ ಬಿಡಬೇಕೆಂದಿದ್ದೆ, ಆಗಲಿಲ್ಲ: ಆ ಶುಕ್ರವಾರ ಚಂದ್ರಶೇಖರಪ್ಪ ಮೊದಲು ಬಂದದ್ದು ಮಸೀದಿಯ ಬಾಗಿಲಿಗೆ. ರೈಫಲ್ ಜೀಪಿನಲ್ಲಿತ್ತು, ನಾನು ಮುಟ್ಟಲಿಲ್ಲ. "ಮಗಳು ಅಂಗಡೀಲಿದ್ದಾಳೆ, ಅವಳ ಕೈಗೆ ಕೊಡಿ. ನನ್ನ ನೋಡಿದ್ದು ಹೇಳ್ಬೇಡಿ, ನನಗೆ ಬೈಯೋದನ್ನ ಅವಳಿಗೇ ಬೈರಿ" ಎಂದೆ. "ಅವಳಿಗ್ಯಾಕೆ ಬೈಯ್ಲಿ ಸಾಬ್ರೇ?" ಎಂದು ಕೇಳಿದರು. ಸ್ವಲ್ಪ ಬೈಯಿರಿ, ಇಲ್ಲದಿದ್ದರೆ ಅವಳಿಗೆ ಅನುಮಾನ ಬರುತ್ತದೆ ಎಂದೆ.